ಲ್ವಾರ್ ವೈನ್: ಲೇಬಲ್ ನೋಡಿ ರುಚಿ ಹೇಳುವುದು ಹೇಗೆ?

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸುಮಾರು 1,000 ಕಿ.ಮೀ. ಇದರ ದಡದ ವೈನ್‌ಗಳ ಲೇಬಲ್ಲಿನಲ್ಲಿ ಎದ್ದು ಕಾಣುವುದು ಊರಿನ ಹೆಸರು, ದ್ರಾಕ್ಷಿಯದ್ದಲ್ಲ. ಆದ್ದರಿಂದ ಊರಿನಿಂದಲೇ ಶುರು ಮಾಡಿ.

1. ಊರು ನದಿಯ ಯಾವ ಭಾಗದಲ್ಲಿದೆ ನೋಡಿ. ಸಮುದ್ರದ ಕಡೆ, ನಾಂಟ್ ನಗರದ ಸುತ್ತ ಮ್ಯುಸ್ಕಾಡೆ: ತೇವದ ಗಾಳಿ, ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಕಲ್ಲಿನ ನೆಲ, ತೆಳುವಾದ ಹುಳಿ ಬಿಳಿ ವೈನ್. ಲೇಬಲ್ಲಿನಲ್ಲಿ 'ಸ್ಯೂರ್ ಲೀ' ಎಂದಿದ್ದರೆ ಯೀಸ್ಟಿನ ಗಸಿಯ ಮೇಲೆ ಚಳಿಗಾಲ ಕಳೆದ ವೈನ್, ಬಾಯಿಗೆ ತುಸು ತುಂಬಿಕೊಳ್ಳುತ್ತದೆ. ಸಿಹಿ ಪರಿಮಳದ ಮಸ್ಕಟ್ ದ್ರಾಕ್ಷಿಗೂ ಮ್ಯುಸ್ಕಾಡೆಗೂ ಸಂಬಂಧವಿಲ್ಲ. ನಡುವೆ ಆಂಜು ಮತ್ತು ತೂರೇನ್ ಪ್ರಾಂತ್ಯಗಳು: ಸವೆನಿಯೆರ್‌ನಲ್ಲಿ ಪದರಗಲ್ಲು, ವೂವ್ರೆ, ಶಿನೋನ್‌ಗಳಲ್ಲಿ ಟಫೋ ಎಂಬ ಮೆತ್ತನೆಯ ಸುಣ್ಣಕಲ್ಲು. ಇದೇ ಕಲ್ಲನ್ನು ಕಡಿದು ಕೋಟೆ ಕಟ್ಟಿದರು. ಕಡಿದ ಗುಹೆಗಳಲ್ಲಿ ಈಗ ಬಾಟಲಿಗಳು ಮಲಗಿವೆ.

2. ನದಿಯ ಮೇಲ್ಭಾಗದ ಸಾನ್ಸೆರ್ ಆದರೆ ಮಣ್ಣನ್ನೂ ಕೇಳಿ. ಸಮುದ್ರ ದೂರ, ಚಳಿ ಹೆಚ್ಚು, ಏಪ್ರಿಲ್ ಹಿಮ ಚಿಗುರನ್ನು ಸುಡುವುದುಂಟು (2021ರಲ್ಲಿ ಹಾಗೇ ಆಯಿತು). ದ್ರಾಕ್ಷಿ ಸೋವಿನ್ಯೋಂ ಬ್ಲಾಂ. ಸುಣ್ಣಕಲ್ಲಿನ ಚೂರುಗಳ 'ಕಯೋತ್' ನೆಲದ್ದು ಎಳೆಯದಾಗಿಯೇ ಕುಡಿಯಲು ಸೊಗಸು. ಜೇಡಿಯಲ್ಲಿ ಪುಟ್ಟ ಸಿಂಪಿಯ ಚಿಪ್ಪು ಸಿಗುವ 'ತೇರ್ ಬ್ಲಾಂಶ್' ನೆಲದ್ದು ದಪ್ಪ, ನಿಧಾನಕ್ಕೆ ಅರಳುತ್ತದೆ. 'ಸಿಲೆಕ್ಸ್' ಎಂದರೆ ಚಕಮಕಿ ಕಲ್ಲು. ಇದರ ವೈನ್ ಬಿಗಿ, ಕೆಲ ವರ್ಷ ಇಟ್ಟರೆ ಒಳ್ಳೆಯದು. ಎದುರು ದಡದ ಪುಯಿ ಫ್ಯೂಮೆ ಸಾನ್ಸೆರ್‌ನ ಹತ್ತಿರದ ನೆಂಟ. ಆದರೆ ಪುಯಿ ಫ್ವಿಸೆ ಬೇರೆಯೇ: ಬರ್ಗಂಡಿ ಪ್ರಾಂತ್ಯದ, ಶಾರ್ಡೊನೇ ದ್ರಾಕ್ಷಿಯ ವೈನ್. ಹೆಸರು ನೋಡಿ ಮೋಸ ಹೋಗುವವರು ಬಹಳ.

3. ಸಿಹಿ ಎಷ್ಟು? ವೂವ್ರೆಯ ಶೆನಿನ್ ಬ್ಲಾಂ (ನಾಸಿಕ್‌ನಲ್ಲೂ ಬೆಳೆಯುವ ದ್ರಾಕ್ಷಿ) ಖಾರಾ ಊಟಕ್ಕೂ ಹೊಂದುತ್ತದೆ, ಸಿಹಿತಿಂಡಿಗೂ. 'ಸೆಕ್' (ಸಿಹಿಯಿಲ್ಲದ್ದು) ಎಂದರೆ ಲೀಟರಿಗೆ ಸಾಮಾನ್ಯವಾಗಿ 4 ಗ್ರಾಂವರೆಗೆ ಸಕ್ಕರೆ, ಹುಳಿ ಹೆಚ್ಚಿದ್ದರೆ 9ರವರೆಗೂ. 'ಮ್ವಾಲ್ಯೂ' (ಸಿಹಿ) 12ರಿಂದ 45 ಗ್ರಾಂ. ಎಷ್ಟೋ ಬಾಟಲಿಗಳಲ್ಲಿ ಇದನ್ನು ನಮೂದಿಸಿರುವುದಿಲ್ಲ. ಅಂಗಡಿಯವರನ್ನು ಕೇಳದೆ ಕೊಂಡರೆ ಮೀನಿನ ಜೊತೆಗೆ ಪಾಕ ಕುಡಿದಂತಾದೀತು.

4. ಕೆಂಪು ವೈನಾದರೆ ವರ್ಷ ನೋಡಿ. ಶಿನೋನ್, ಬೂರ್ಗೈಗಳ ಕ್ಯಾಬರ್ನೆ ಫ್ರಾಂ ದ್ರಾಕ್ಷಿ ತಂಪು ವರ್ಷದಲ್ಲಿ ಸರಿಯಾಗಿ ಮಾಗದೆ ಹಸಿ ದೊಣ್ಣೆಮೆಣಸಿನಕಾಯಿಯಂತೆ ನಾರುತ್ತದೆ.

5. ತಂಪು ಹದ. ಮ್ಯುಸ್ಕಾಡೆ 8–10 ಡಿಗ್ರಿ, ವೂವ್ರೆ 10–12, ಶಿನೋನ್ 14–16. ಬೆಂಗಳೂರಿನ ಕೋಣೆಯ ಬಿಸಿಗೆ ಕೆಂಪನ್ನೂ 30 ನಿಮಿಷ ಫ್ರಿಜ್‌ನಲ್ಲಿಡಿ.

ತಂಪಾದ ಬಾಟಲಿಯ ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಗಾಜಿನ ಚೂರೆಂದು ಹೆದರಬೇಡಿ. ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲವೇ ಚಳಿಗೆ ಉಪ್ಪಾಗಿ ಹೆಪ್ಪುಗಟ್ಟಿರುತ್ತದೆ. ನಿಧಾನವಾಗಿ ಬಗ್ಗಿಸಿ, ಕೊನೆಯ ಗುಟುಕು ಬಾಟಲಿಯಲ್ಲೇ ಉಳಿಸಿ.