ಅಟ್ಟದಲ್ಲಿ ಸಿಕ್ಕ ಹಳೆಯ ಗಿಟಾರ್: ರಿಪೇರಿ ಮಾಡಿಸಬೇಕೇ, ಬೇಡವೇ?

ಮಂಗಳೂರು, ಉಡುಪಿ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಗಿಟಾರ್ ಒಂದು ಹೊರಬರುವುದು ಅಪರೂಪವೇನಲ್ಲ. ಯಾವುದೋ ಕಾಲದಲ್ಲಿ ಚರ್ಚಿನ ಗಾಯನ ವೃಂದಕ್ಕೆಂದು ಕೊಂಡದ್ದೋ, ಮುಂಬಯಿಯಿಂದಲೋ ಗಲ್ಫಿನಿಂದಲೋ ರಜೆಗೆ ಬಂದವರು ತಂದದ್ದೋ ಆಗಿರುವ ಆ ವಾದ್ಯದ ತಂತಿಗಳು ತುಕ್ಕು ಹಿಡಿದು, ಮೈಯಲ್ಲಿ ಬೂಷ್ಟು ಬೆಳೆದು, ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿರುತ್ತದೆ. ನೋಡಿದ ಕೂಡಲೇ ಗುಜರಿಗೆ ಹಾಕುವವರೂ ಇದ್ದಾರೆ, ಮರುದಿನವೇ ಹೊಸ ತಂತಿ ಬಿಗಿದು ಇದ್ದ ಜೀವವನ್ನೂ ಕಳೆಯುವವರೂ ಇದ್ದಾರೆ. ಈ ಎರಡೂ ಆತುರದ ಕೆಲಸಗಳೇ. ಕರಾವಳಿಯಲ್ಲಿ ಸಿಕ್ಕ ಗಿಟಾರನ್ನು ಒಣಗುವ ಮೊದಲು ಅಳೆಯಬಾರದು ಮತ್ತು ಅದರ ಹೊರರೂಪ ನೋಡಿ ತೀರ್ಮಾನಿಸಬಾರದು.

ಮೊದಲು ತಂತಿಗಳಲ್ಲಿ ಬಿಗಿ ಉಳಿದಿದ್ದರೆ ಆರನ್ನೂ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಸಡಿಲಿಸಬೇಕು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಮೆತ್ತನೆಯ ಬಟ್ಟೆಯಿಂದ ಬೂಷ್ಟನ್ನು ಒರೆಸಬೇಕು. ಬಿಸಿಲಿಗಾಗಲಿ ಅಡುಗೆ ಒಲೆಯ ಹತ್ತಿರವಾಗಲಿ ಇಡಲೇಬಾರದು. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಮರ ಒಮ್ಮೆಲೇ ಕುಗ್ಗಿ ಸೀಳುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ನೆಲದಿಂದ ಮೇಲೆ, ಎರಡು ಮೂರು ವಾರ ಬಿಡುವುದು ಲೇಸು. ಗಿಟಾರಿಗೆ ಹಿತವಾದ ಗಾಳಿಯ ತೇವ ಶೇ. 45ರಿಂದ 55. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಅದು ಶೇ. 85ನ್ನು ದಾಟುವುದು ಸಾಮಾನ್ಯ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ದಾರಂದಕ್ಕೆ ಸಿಕ್ಕಿಕೊಳ್ಳುವಂತೆಯೇ ಗಿಟಾರಿನ ಮೇಲ್ಹಲಗೆಯೂ ನೀರು ಹೀರಿ ಉಬ್ಬುತ್ತದೆ. ಆಗ ಬ್ರಿಡ್ಜ್ (ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ) ಮೇಲೇರಿ ತಂತಿಗಳು ಫ್ರೆಟ್‌ಗಳಿಂದ (ಬೆರಳೊತ್ತುವ ಕಡೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಂದ) ದೂರವಾಗುತ್ತವೆ, ಇದ್ದ ಬಿರುಕುಗಳು ಮುಚ್ಚಿಕೊಂಡು ಕಾಣದೆ ಹೋಗುತ್ತವೆ. ಜುಲೈಯಲ್ಲಿ ನೆಕ್ (ಗಿಟಾರಿನ ಉದ್ದನೆಯ ಕುತ್ತಿಗೆ) ಹಾಳಾಗಿದೆ ಎನಿಸಿದ ಗಿಟಾರ್ ಜನವರಿಯಲ್ಲಿ ಬಹುಮಟ್ಟಿಗೆ ಸರಿಯಾಗಿ ಕಾಣಬಹುದು, ಹಾಗೆಯೇ ಜುಲೈಯಲ್ಲಿ ಸೀಳೇ ಇಲ್ಲವೆನಿಸಿದ ಹಲಗೆ ಜನವರಿಯಲ್ಲಿ ಬಾಯಿ ಬಿಡಬಹುದು. ಆದ್ದರಿಂದ ಮಳೆಗಾಲದಲ್ಲಿ ಸಿಕ್ಕಿದ್ದಾದರೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಪೆಟ್ಟಿಗೆಯಲ್ಲಿಟ್ಟು, ಕೊನೆಯ ಮಾತನ್ನು ಮಳೆ ನಿಂತ ಮೇಲೆ ಆಡುವುದು ಒಳ್ಳೆಯದು.

ಇದಕ್ಕೆ ಒಂದು ಅಪವಾದವಿದೆ. ಗುಂಡುಸೂಜಿಯ ತಲೆಯಷ್ಟು ಸಣ್ಣ ತೂತುಗಳೂ ಅವುಗಳಿಂದ ಹಿಟ್ಟಿನಂತೆ ಉದುರುವ ಪುಡಿಯೂ ಕಂಡರೆ ಅದು ಕುಟ್ಟೆ ಹುಳದ ಕೆಲಸ. ಅಂಥ ಗಿಟಾರನ್ನು ಮನೆಯ ಬೇರೆ ಮರದ ಸಾಮಾನುಗಳಿಂದ ತಕ್ಷಣ ದೂರ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಗೆದ್ದಲು ನೆಕ್ಕಿನ ಒಳಗನ್ನೇ ತಿಂದಿದ್ದರೆ ಮತ್ತೆ ಆಲೋಚಿಸುವುದಕ್ಕೇನೂ ಉಳಿದಿರುವುದಿಲ್ಲ.

ಒಣಗಿದ ಮೇಲೆ ನೋಡಬೇಕಾದದ್ದು ಇದು ಯಾವ ಜಾತಿಯ ಗಿಟಾರ್ ಎಂಬುದನ್ನು. ತಂತಿಗಳನ್ನು ಬ್ರಿಡ್ಜಿಗೆ ಗಂಟು ಹಾಕಿ ಕಟ್ಟುವಂತಿದ್ದು, ನೆಕ್ ಅಗಲವಾಗಿದ್ದು, ತಲೆಯ ಭಾಗದಲ್ಲಿ ಉದ್ದನೆಯ ಎರಡು ಸೀಳುಗಂಡಿಗಳಿದ್ದರೆ ಅದು ನೈಲಾನ್ ತಂತಿಗೆಂದು ಮಾಡಿದ ಕ್ಲಾಸಿಕಲ್ ಗಿಟಾರ್. ಅದರ ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಸ್ಟೀಲ್ ತಂತಿಗಳದ್ದಾದರೆ 70 ಕಿಲೋಗೂ ಮಿಕ್ಕಿರುತ್ತದೆ. ಶಬ್ದ ಜೋರಾಗಲಿ ಎಂದು ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಿದ ಉದಾಹರಣೆಗಳು ಬಹಳ ಇವೆ. ಬ್ರಿಡ್ಜ್ ಕಿತ್ತು ಬಂದ ಗಿಟಾರ್ ಕೈಗೆ ಬಂದಾಗ ನಾನು ಮೊದಲು ಸಂಶಯಿಸುವುದು ಇದನ್ನೇ. ಮುಂದೆ ಸರಿಯಾದ ತಂತಿಯನ್ನೇ ಹಾಕುವುದಾದರೆ ಆ ಹಾನಿ ರಿಪೇರಿಗೆ ಯೋಗ್ಯ.

ಜತೆಗೆ ಸೌಂಡ್ ಹೋಲಿನ (ಮೇಲ್ಹಲಗೆಯ ನಡುವಿನ ದುಂಡು ತೂತಿನ) ಅಂಚನ್ನು ಮೊಬೈಲಿನ ಬೆಳಕಿನಲ್ಲಿ ನೋಡಿ. ಮೇಲ್ಮೈಯ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಮುಂದುವರಿದಿದ್ದರೆ ಅದು ಇಡೀ ಹಲಗೆ, ಪದರಪದರವಾಗಿ ಕಂಡರೆ ಪ್ಲೈವುಡ್. ಹಿಂಬದಿಯ ಹಲಗೆ ನಿಜವಾದ ಬೀಟೆಯದ್ದಾದರೆ, ಅಂದರೆ ನಮ್ಮ ಘಟ್ಟಗಳಲ್ಲಿ ಬೆಳೆಯುವ ಮತ್ತು ಜಗತ್ತಿನ ಗಿಟಾರ್ ತಯಾರಕರು ಬಯಸಿ ಬಳಸುವ ಅದೇ ಮರದ್ದಾದರೆ, ಅದನ್ನು ಅಷ್ಟು ಸುಲಭವಾಗಿ ಕೈಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ನೆಕ್ಕಿನ ಪರೀಕ್ಷೆ. ಅದರಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಗುರುತಿಸಬೇಕು, ಏಕೆಂದರೆ ಒಂದು ಅಗ್ಗದ್ದು, ಇನ್ನೊಂದು ದುಬಾರಿ. ಉದ್ದದ ನೇರವಾದ ಸ್ಟೀಲ್ ಸ್ಕೇಲನ್ನು ನೆಕ್ಕಿನ ನಡುವೆ ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟು, ಏಳನೇ ಫ್ರೆಟ್ಟಿನ ಹತ್ತಿರ ಎಷ್ಟು ಸಂದು ಕಾಣುತ್ತದೆಂದು ನೋಡಿ. ತಂತಿ ಬಿಗಿದಿರುವಾಗ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಅಂದರೆ ಕಾಲು ಮಿಲಿಮೀಟರಿನಷ್ಟು ಸಂದು ಇರಬೇಕಾದದ್ದೇ. ಅದಕ್ಕಿಂತ ಹೆಚ್ಚಿದ್ದರೆ ನೆಕ್ ಬಾಗಿದೆ ಎಂದರ್ಥ. ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಸಾಮಾನ್ಯವಾಗಿ ನೆಕ್ಕಿನೊಳಗೆ ಟ್ರಸ್ ರಾಡ್ (ಬಾಗನ್ನು ತಿದ್ದಲು ತಿರುಗಿಸುವ ಲೋಹದ ಸರಳು) ಇರುವುದರಿಂದ ಇದನ್ನು ಸರಿಪಡಿಸಬಹುದು. ಆದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಕಡಲ ಗಾಳಿಗೆ ರಾಡಿನ ನಟ್ಟು ತುಕ್ಕು ಹಿಡಿದು ಬಿಗಿಯಾಗಿದ್ದರೆ ಬಲ ಹಾಕದೆ ಕೆಲಸ ಬಲ್ಲವರಿಗೆ ಒಪ್ಪಿಸಬೇಕು. ರಾಡ್ ತುಂಡಾದರೆ ಸಣ್ಣ ಖರ್ಚು ದೊಡ್ಡದಾಗುತ್ತದೆ.

ಇನ್ನೊಂದು ದೋಷ ನೆಕ್ ದೇಹಕ್ಕೆ ಸೇರುವ ಕೋನದ್ದು. ಅದೇ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಜಾರಿಸುತ್ತಾ ಬ್ರಿಡ್ಜಿನವರೆಗೆ ತನ್ನಿ. ಅದರ ತುದಿ ಬ್ರಿಡ್ಜಿನ ಮೇಲಂಚಿಗೆ ಸರಿಯಾಗಿ ತಾಗಿದರೆ ಕೋನ ಚೆನ್ನಾಗಿದೆ. ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ಹೋಗಿ ಬ್ರಿಡ್ಜಿನ ಮೈಗೆ ಬಡಿದರೆ ವರ್ಷಗಳ ಎಳೆತಕ್ಕೆ ನೆಕ್ ಮುಂದಕ್ಕೆ ಬಂದಿದೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2.5 ಮಿ.ಮೀ., ಸಪೂರ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಬೆರಳಿಗೆ ಹಿತ. ಆ ಜಾಗದಲ್ಲಿ 1 ಮಿ.ಮೀ. ಇಳಿಸಬೇಕಾದರೆ ಸ್ಯಾಡಲನ್ನು (ಬ್ರಿಡ್ಜಿನಲ್ಲಿ ತಂತಿಗಳು ಕೂರುವ ತೆಳು ಪಟ್ಟಿಯನ್ನು) 2 ಮಿ.ಮೀ. ಉಜ್ಜಬೇಕು. ಉಜ್ಜಲು ಅಷ್ಟು ಸ್ಯಾಡಲ್ ಬ್ರಿಡ್ಜಿನಿಂದ ಹೊರಗೆ ಉಳಿದಿಲ್ಲವಾದರೆ ನೆಕ್ಕನ್ನೇ ಬಿಡಿಸಿ, ಕೋನ ತಿದ್ದಿ, ಮತ್ತೆ ಕೂರಿಸಬೇಕಾಗುತ್ತದೆ. ಇದು ತಂತಿ ಬದಲಿಸಿಕೊಡುವ ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಗಿಟಾರ್ ತಯಾರಿಕೆ ತಿಳಿದವರೇ ಬೇಕು, ಮತ್ತು ಸಾಮಾನ್ಯ ಪ್ಲೈವುಡ್ ಗಿಟಾರಿಗೆ ಆ ಖರ್ಚು ಅದರ ಬೆಲೆಯನ್ನೇ ಮೀರಬಹುದು.

ಉಳಿದವು ನೋಡಲು ಭಯಂಕರವಾದರೂ ಅಷ್ಟು ಗಂಭೀರವಲ್ಲ. ಮರದ ಗೆರೆಯ ಉದ್ದಕ್ಕೇ ಹೋದ ಸೀಳನ್ನು ಅಂಟಿಸಿ, ಒಳಗಿನಿಂದ ಸಣ್ಣ ಮರದ ತುಣುಕುಗಳನ್ನು ಕೂರಿಸಿದರೆ ಬಹುಕಾಲ ಬಾಳುತ್ತದೆ. ಬ್ರಿಡ್ಜಿನ ಹಿಂಬದಿಯಲ್ಲಿ ತೆಳು ಕಾಗದ ತೂರಿಸಿ ನೋಡಿ: ಒಳಗೆ ಹೋದರೆ ಅಂಟು ಬಿಟ್ಟಿದೆ, ಬಿಡಿಸಿ ಮತ್ತೆ ಅಂಟಿಸಬೇಕು. ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುವಾಗ ಎಲ್ಲಾದರೂ ಗಿರಗಿರ ಸದ್ದು ಬಂದರೆ ಒಳಗಿನ ಬ್ರೇಸ್ (ಹಲಗೆಗೆ ಆಸರೆಯಾದ ಮರದ ಪಟ್ಟಿ) ಕಳಚಿರಬಹುದು. ತುಕ್ಕು ಹಿಡಿದ ಟ್ಯೂನಿಂಗ್ ಕೀಗಳು, ಒಡೆದ ನಟ್ (ನೆಕ್ಕಿನ ತಲೆಯ ಬಳಿ ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿ), ಹಸಿರುಗಟ್ಟಿದ ಫ್ರೆಟ್‌ಗಳು ಇವೆಲ್ಲ ಬದಲಿಸಿ, ಉಜ್ಜಿ ಸರಿಮಾಡುವಂಥವು. ತಲೆಯ ಭಾಗ ಮುರಿದಿದ್ದರೂ ಮುರಿದ ಎರಡು ಮುಖಗಳು ಸ್ವಚ್ಛವಾಗಿ ಕೂಡುವಂತಿದ್ದರೆ ಒಳ್ಳೆಯ ಅಂಟಿನ ಜೋಡಣೆ ತಂತಿಯ ಎಳೆತವನ್ನು ತಡೆಯುತ್ತದೆ. ಮುರಿದದ್ದನ್ನು ಮನೆಯಲ್ಲಿರುವ ಸೂಪರ್ ಗ್ಲೂ ಹಾಕಿ ಸೇರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಳೆಯ ಅಂಟು ಮರದ ರಂಧ್ರಗಳಲ್ಲಿ ಕುಳಿತರೆ ಅಲ್ಲಿ ಹೊಸ ಅಂಟು ಹಿಡಿಯುವುದಿಲ್ಲ, ಸುಲಭದ ಕೆಲಸ ಅಸಾಧ್ಯವಾಗುತ್ತದೆ.

ಈಗ ತೀರ್ಮಾನ. ಕೋನ ಸರಿಯಿದ್ದರೆ ಬಿರುಕುಗಳ ಲೆಕ್ಕ ನೋಡದೆ ರಿಪೇರಿ ಮಾಡಿಸಿ. ಕೋನ ಕೆಟ್ಟಿದ್ದರೂ ಇಡೀ ಹಲಗೆಯ ಒಳ್ಳೆಯ ಗಿಟಾರ್ ಆಗಿದ್ದರೆ ಬೆಂಗಳೂರು ಅಥವಾ ಗೋವಾದ ಕಡೆ ನುರಿತವರನ್ನು ಹುಡುಕಿ, ಯಾವ ಅಂಟು ಬಳಸುತ್ತೀರಿ, ಮುಂದೆ ಬಿಡಿಸಲು ಸಾಧ್ಯವೇ ಎಂದು ಕೇಳಿಯೇ ಒಪ್ಪಿಸಿ. ಕೋನ ಕೆಟ್ಟ ಪ್ಲೈವುಡ್ ಗಿಟಾರಿಗೆ ಹಣ ಹಾಕಬಾರದೆಂದೇ ನನ್ನ ಅಭಿಪ್ರಾಯ. ಆದರೆ ಅದು ಅಪ್ಪನದ್ದೋ ಅಜ್ಜನದ್ದೋ ಆಗಿದ್ದರೆ ಎಸೆಯಲೂ ಬೇಕಿಲ್ಲ. ತಂತಿಗಳನ್ನು ನಟ್ಟಿನಲ್ಲೂ ಎತ್ತರಿಸಿ, ಮಡಿಲಲ್ಲಿಟ್ಟು ಉಕ್ಕಿನ ಬಾರ್ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿನಂತೆ ಬಳಸಬಹುದು, ಅಲ್ಲಿ ತಂತಿ ಎತ್ತರವಿರುವುದು ದೋಷವೇ ಅಲ್ಲ.

ರಿಪೇರಿಯಾಗಿ ಬಂದ ಗಿಟಾರಿಗೆ ತೆಳುವಾದ ತಂತಿಗಳನ್ನೇ ಹಾಕಿ, ಮೊದಲ ದಿನ ಎರಡು ಸ್ವರ ಕೆಳಗೆ ಶ್ರುತಿ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬ್ರಿಡ್ಜಿನ ಹಿಂದೆ ಮತ್ತೆ ಕಾಗದ ತೂರಿಸಿ ನೋಡಿ, ಅದು ಒಳಗೆ ಹೋಗದಿದ್ದರೆ ಮಾತ್ರ ಪೂರ್ತಿ ಶ್ರುತಿಗೆ ಏರಿಸಿ.