ಹಿಮ್ಮಡಿ ಒಡಕಿಗೆ ಮೊದಲು ನೀರು, ಆಮೇಲೆ ತುಪ್ಪ

ಮಾಗಿಯ ಚಳಿ ಶುರುವಾಗುತ್ತಿದ್ದಂತೆ, ರಾತ್ರಿ ಹಾಸಿಗೆಯಲ್ಲಿ ಕಾಲು ಚಾಚಿದಾಗ ಕಂಬಳಿಯ ನೂಲು ಹಿಮ್ಮಡಿಗೆ ಸಿಕ್ಕಿಕೊಳ್ಳತೊಡಗುತ್ತದೆ. ಒಡಕಿನ ಮೊದಲ ಸುಳಿವು ಅದು. ಆಗಲೇ ಗಮನ ಕೊಟ್ಟರೆ ನಾಲ್ಕೈದು ದಿನಗಳ ಆರೈಕೆಯಲ್ಲಿ ಚರ್ಮ ಸರಿಹೋಗುತ್ತದೆ. ಆದರೆ ಬಹುತೇಕ ಮನೆಗಳಲ್ಲಿ, ವಿಶೇಷವಾಗಿ ದಿನವಿಡೀ ನಿಂತೇ ಕೆಲಸ ಮಾಡುವ ಹೆಣ್ಣುಮಕ್ಕಳ ವಿಷಯದಲ್ಲಿ, ಸೀಳು ಆಳಕ್ಕಿಳಿದು ರಕ್ತ ಜಿನುಗುವವರೆಗೂ ಯಾರೂ ಕಾಲಿನ ಕಡೆ ನೋಡುವುದಿಲ್ಲ. ಆಮೇಲೆ ಕೈಗೆ ಸಿಕ್ಕ ಎಣ್ಣೆಯನ್ನೋ ಮುಲಾಮನ್ನೋ ಒಣಗಿದ ಹಿಮ್ಮಡಿಗೆ ಮೆತ್ತಿ, ಎರಡು ದಿನದಲ್ಲಿ ಗುಣ ಕಾಣದಿದ್ದಾಗ ಕೈಬಿಡುತ್ತಾರೆ. ಮದ್ದು ಸರಿಯಾಗಿಯೇ ಇರುತ್ತದೆ, ಅದನ್ನು ಹಚ್ಚುವ ಕ್ರಮ ಮಾತ್ರ ತಪ್ಪಿರುತ್ತದೆ.

ಒಡಕು ಏಕೆ ಬೀಳುತ್ತದೆ ಎಂಬುದು ತಿಳಿದರೆ ಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಮೈಯ ಉಳಿದ ಚರ್ಮದಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳಿವೆ. ಅಂಗೈ ಮತ್ತು ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ, ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಹೀಗಾಗಿ ಗಾಳಿ ಒಣಗಿದಾಗ ಅಂಗಾಲಿನ ತೇವವನ್ನು ತಡೆದು ಹಿಡಿಯಲು ಅಲ್ಲಿ ಸಹಜವಾದ ಜಿಡ್ಡಿರುವುದಿಲ್ಲ. ಜೊತೆಗೆ ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಮೆತ್ತೆಯೊಂದಿದ್ದು, ನಾವು ಹೆಜ್ಜೆ ಊರಿದಾಗಲೆಲ್ಲ ಮೈಭಾರಕ್ಕೆ ಅದು ಅದುಮಿಕೊಂಡು ಪಕ್ಕಕ್ಕೆ ಹಿಗ್ಗುತ್ತದೆ. ಮೆದುವಾದ ಚರ್ಮವಾದರೆ ಅದರೊಂದಿಗೆ ತಾನೂ ಹಿಗ್ಗಿ ಮತ್ತೆ ಕುಗ್ಗುತ್ತದೆ. ಒಣಗಿ ದಡ್ಡುಗಟ್ಟಿದ ಚರ್ಮಕ್ಕೆ ಹಿಗ್ಗುವ ಶಕ್ತಿಯಿಲ್ಲ, ಆದ್ದರಿಂದ ಅದು ಅಂಚಿನಲ್ಲಿ ಸೀಳುತ್ತದೆ. ಹಿಂಬದಿ ತೆರೆದಿರುವ ಹವಾಯಿ ಚಪ್ಪಲಿ, ಬರಿಗಾಲು, ಗ್ರಾನೈಟ್ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು, ಹೆಚ್ಚಿದ ಮೈತೂಕ, ಬಟ್ಟೆ ಒಗೆಯುವ ಸೋಪಿನ ನೀರು ಕಾಲ ಮೇಲೆ ಹರಿಯುವುದು, ಇವೆಲ್ಲವೂ ಸೀಳನ್ನು ಹೆಚ್ಚಿಸುತ್ತವೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕಟಕ ರೊಟ್ಟಿಯನ್ನು ಮೆತ್ತಗೆ ಮಾಡುವ ಬಗೆಯನ್ನು ನೋಡಿದವರಿಗೆ ಮುಂದಿನ ಮಾತು ಬೇಗ ಮನಸ್ಸಿಗೆ ಹೋಗುತ್ತದೆ. ಒಣಗಿದ ಜೋಳದ ರೊಟ್ಟಿಗೆ ಎಷ್ಟು ತುಪ್ಪ ಸವರಿದರೂ ಅದು ಮಡಚಲು ಬರುವುದಿಲ್ಲ, ಮುರಿಯುತ್ತದೆ. ಅದರ ಮೇಲೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮೆತ್ತಗಾಗುತ್ತದೆ. ಹಿಮ್ಮಡಿಯದೂ ಇದೇ ಕಥೆ. ಚರ್ಮವನ್ನು ಮೆದುವಾಗಿಸುವುದು ನೀರು, ಎಣ್ಣೆಯಲ್ಲ. ಎಣ್ಣೆ, ತುಪ್ಪ, ಮೇಣಗಳ ಕೆಲಸವೇನಿದ್ದರೂ ಆ ನೀರು ಆರಿಹೋಗದಂತೆ ಮೇಲೆ ಮುಚ್ಚಳವಾಗಿ ನಿಲ್ಲುವುದು. ಒಣಕಾಲಿಗೆ ಎಣ್ಣೆ ಹಚ್ಚಿದರೆ ಒಣಗಿದ್ದನ್ನೇ ಮುಚ್ಚಿಟ್ಟಂತಾಗುತ್ತದೆ.

ನೆನೆಸುವುದು, ಉಜ್ಜುವುದು

ಈ ಕೆಲಸಕ್ಕೆ ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬೇಕು. ಅಗಲವಾದ ಟಬ್ಬಿನಲ್ಲಿ ಹಿಮ್ಮಡಿ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ತೆಗೆದುಕೊಂಡು 10ರಿಂದ 15 ನಿಮಿಷ ಕಾಲು ಇಟ್ಟುಕೊಂಡು ಕೂರಬೇಕು. ನೀರು ಸುಡುವಂತಿರಬಾರದು, ಏಕೆಂದರೆ ಬಿಸಿ ಹೆಚ್ಚಾದಷ್ಟೂ ಚರ್ಮ ಆಮೇಲೆ ಇನ್ನಷ್ಟು ಒಣಗುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ನೆನೆಸಿದರೂ ಅಷ್ಟೇ, ಆಮೇಲೆ ಕಾಲು ಮೊದಲಿಗಿಂತ ಹೆಚ್ಚು ಒಣಗುತ್ತದೆ. ನೀರಿಗೆ ಹಿಡಿ ಉಪ್ಪು, ಶಾಂಪೂ, ನಿಂಬೆರಸ ಹಾಕುವ ರೂಢಿ ಹಲವೆಡೆ ಇದೆ. ಒಡೆದ ಕಾಲಿಗೆ ಅವು ಉರಿ ತರುತ್ತವೆಯೇ ಹೊರತು ಬೇರೆ ಉಪಕಾರ ಮಾಡುವುದಿಲ್ಲ. ಬರಿಯ ನೀರು ಸಾಕು.

ನೆನೆದ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿದರೆ, ದಡ್ಡುಗಟ್ಟಿದ ಭಾಗ ಬಿಳಿಚಿಕೊಂಡು ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ತೆಗೆಯಬೇಕಾದದ್ದು ಅದನ್ನೇ, ಅದೂ ಒಂದೇ ದಿನದಲ್ಲಿ ಅಲ್ಲ. ಫ್ಯಾನ್ಸಿ ಅಂಗಡಿಗಳಲ್ಲಿ ಸಿಗುವ, ಸಣ್ಣ ಸಣ್ಣ ತೂತುಗಳಿರುವ ಹಗುರವಾದ ಪ್ಯೂಮಿಸ್ ಕಲ್ಲನ್ನು ನೀರಿನಲ್ಲಿ ಅದ್ದಿ, ಒಂದೊಂದು ಹಿಮ್ಮಡಿಗೆ ಎರಡು ಮೂರು ನಿಮಿಷದಂತೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಸೀಳಿನ ಒಳಗೆ ಕಲ್ಲು ತಾಗಬಾರದು. ಸೀಳಿನ ಎರಡೂ ಬದಿಯಲ್ಲಿ ದಂಡೆಯಂತೆ ಎದ್ದಿರುವ ಗಟ್ಟಿ ಚರ್ಮ ತಗ್ಗಿದರೆ, ಹೆಜ್ಜೆ ಊರಿದಾಗ ಒಡಕು ಮತ್ತೆ ಬಾಯಿ ಬಿಡುವುದು ಕಡಿಮೆಯಾಗುತ್ತದೆ. ಹಳೆಯ ಮನೆಗಳಲ್ಲಿ ಬಚ್ಚಲ ಕಲ್ಲಿಗೇ ಕಾಲು ತಿಕ್ಕುತ್ತಿದ್ದರು, ಅದರಲ್ಲೂ ತಪ್ಪಿಲ್ಲ. ಆದರೆ ಬ್ಲೇಡಿನಿಂದ ಹೆರೆಯುವುದು, ಎದ್ದ ಸಿಪ್ಪೆಯನ್ನು ಉಗುರಿನಿಂದ ಎಳೆದು ಕೀಳುವುದು ಸಲ್ಲದು. ಎಳೆದ ಸಿಪ್ಪೆ ಗಟ್ಟಿ ಚರ್ಮ ಮುಗಿದಲ್ಲಿಗೆ ನಿಲ್ಲದೆ ಜೀವಂತ ಚರ್ಮವನ್ನೂ ಸೀಳಿಕೊಂಡು ಬರುತ್ತದೆ. ಸಕ್ಕರೆ, ಕಾಫಿಪುಡಿ, ಅಕ್ಕಿಹಿಟ್ಟುಗಳಿಂದ ಉಜ್ಜುವುದೂ ಬೇಡ, ಆ ಕಾಳುಗಳು ಒಡಕಿನೊಳಗೆ ಉಳಿದುಬಿಡುತ್ತವೆ. ವಾರಕ್ಕೆ ಎರಡು ಮೂರು ಸಲ ಉಜ್ಜಿದರೆ ಸಾಕು. ನೆನೆಸಿ ಮುಲಾಮು ಹಚ್ಚುವುದನ್ನು ಮಾತ್ರ ದಿನವೂ ಮಾಡಬೇಕು.

ಆರುವ ಮೊದಲೇ ಹಚ್ಚುವುದು

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ. ಮೆತ್ತನೆಯ ಬಟ್ಟೆಯಿಂದ ಕಾಲನ್ನು ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತಂಪು ತೇವ ಇರುವಾಗಲೇ, ಅಂದರೆ ಎರಡು ಮೂರು ನಿಮಿಷಗಳ ಒಳಗೆ, ಜಿಡ್ಡನ್ನು ಸವರಬೇಕು. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜಿ ಗದ್ದೆಯಿಂದ ಬಂದು ಬಚ್ಚಲಲ್ಲಿ ಕಾಲು ತೊಳೆದು, ಕಲ್ಲಿಗೆ ತಿಕ್ಕಿ, ದೀಪದ ಬಳಿ ಕೂತು ಮುರುಗಲು ತುಪ್ಪದ, ಅಂದರೆ ಮುರುಗಲು ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಜಿಡ್ಡಿನ, ಉಂಡೆಯ ಒಂದು ಮೂಲೆಯನ್ನು ಬೆಂಕಿಗೆ ತೋರಿಸುತ್ತಿದ್ದರು. ಕರಗಿ ಇಳಿಯುವ ಹನಿಯನ್ನು ಬೆರಳ ತುದಿಯಲ್ಲಿ ಹಿಡಿದು, ಬಿಸಿ ತಗ್ಗಿದ ಮೇಲೆ ಒಂದೊಂದೇ ಸೀಳಿಗೆ ತುಂಬುತ್ತಿದ್ದರು. “ಕಾಲು ಆರೋ ಮೊದ್ಲೇ ಹಚ್ಕೋಬೇಕು, ಮಗಾ” ಎನ್ನುತ್ತಿದ್ದರು. ನಮಗೆ ತುಪ್ಪದ ಹೆಸರು ನೆನಪಿನಲ್ಲಿ ಉಳಿಯಿತು, ಆ ಮಾತು ಮರೆತುಹೋಯಿತು. ನಾನೂ ಎಷ್ಟೋ ವರ್ಷ ಒಣಗಾಲಿಗೇ ಅದನ್ನು ತಿಕ್ಕಿ ಫಲ ಕಾಣದೆ ಬಿಟ್ಟಿದ್ದೆ.

ಮುರುಗಲು ತುಪ್ಪ ಸಿಗದಿದ್ದರೆ ಚಿಂತೆಯಿಲ್ಲ. ಹರಳೆಣ್ಣೆ ಮಂದವಾಗಿದ್ದು ಚರ್ಮದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಮನೆಯ ಬೆಣ್ಣೆ ಕಾಯಿಸಿದ ತುಪ್ಪ, ಇವೂ ಆಗುತ್ತವೆ, ಆದರೆ ಬೇಗ ಒರೆಸಿಹೋಗುತ್ತವೆ. ಅಂಗಡಿಯ ಪೆಟ್ರೋಲಿಯಂ ಜೆಲ್ಲಿ ತೇವ ತಡೆಯುವುದರಲ್ಲಿ ಇವೆಲ್ಲಕ್ಕಿಂತ ಮುಂದಿದೆ, ಅಗ್ಗವೂ ಹೌದು, ಮನೆಮದ್ದಲ್ಲವೆಂದು ಅದನ್ನು ದೂರವಿಡಬೇಕಾಗಿಲ್ಲ. ಗ್ಲಿಸರಿನ್ ಬಳಸುವವರು ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ಪನ್ನೀರು ಅಥವಾ ನೀರು ಬೆರೆಸಿ ಮೊದಲು ಸವರಿಕೊಂಡು, ಅದರ ಮೇಲೆ ಜಿಡ್ಡು ಹಚ್ಚಬೇಕು. ಗ್ಲಿಸರಿನ್ ನೀರನ್ನು ಎಳೆದು ಹಿಡಿಯುವ ಪದಾರ್ಥವಾದ್ದರಿಂದ, ಒಣಹವೆಯಲ್ಲಿ ಅದೊಂದನ್ನೇ ಹಚ್ಚಿದರೆ ಚರ್ಮದ ಒಳಗಿನ ನೀರನ್ನೇ ಹೊರಗೆಳೆಯಬಹುದು. ದಡ್ಡು ತೀರಾ ದಪ್ಪವಾಗಿದ್ದರೆ ಔಷಧ ಅಂಗಡಿಗಳಲ್ಲಿ ಸಿಗುವ ಶೇ 10ರಿಂದ ಶೇ 25ರಷ್ಟು ಯೂರಿಯಾ ಇರುವ ಕ್ರೀಮು ಅದನ್ನು ಸಡಿಲಿಸುತ್ತದೆ, ಆದರೆ ರಕ್ತ ಬರುತ್ತಿರುವ ಸೀಳಿಗೆ ಅದನ್ನು ತಾಗಿಸಿದರೆ ಉರಿಯುತ್ತದೆ.

ಜಿಡ್ಡು ಹಚ್ಚುವ ಕೆಲಸವನ್ನು ಹಾಸಿಗೆಯ ಮೇಲೆ ಕೂತೇ ಮಾಡಬೇಕು. ಎಣ್ಣೆಗಾಲಿನಲ್ಲಿ ನುಣುಪು ನೆಲದ ಮೇಲೆ ನಡೆದು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಒಡಕಿಗಿಂತ ದೊಡ್ಡ ಸಂಕಟ. ಬಚ್ಚಲಿಗೆ ಹೋಗಿ ಬರುವುದಿದ್ದರೆ ಮೊದಲೇ ಮುಗಿಸಿ, ಮುಲಾಮು ಸವರಿ, ಸಡಿಲವಾದ ಹಳೆಯ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗುವುದು ಒಳ್ಳೆಯದು. ಬೆರಳ ಸಂದಿಗಳಿಗೆ ಮಾತ್ರ ಜಿಡ್ಡು ಹಚ್ಚಬಾರದು, ಅಲ್ಲಿ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ.

ಮುರುಗಲು ತುಪ್ಪದ ಮುಲಾಮು

ಕರಾವಳಿಯಲ್ಲಿ ಪುನರ್ಪುಳಿ ಎಂದೂ ಉತ್ತರ ಕನ್ನಡ, ಮಲೆನಾಡಿನ ಕಡೆ ಮುರುಗಲು ಎಂದೂ ಕರೆಯುವ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ ಹೋದರೆ, ಬೀಜ ತುಪ್ಪಕ್ಕೆ ಉಳಿಯುತ್ತದೆ. ಒಣಗಿಸಿದ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ಆರಿಸಿದರೆ ಅದು ಹಳದಿ ಮಿಶ್ರಿತ ಬಿಳಿ ಬಣ್ಣದ ಗಟ್ಟಿಯಾಗುತ್ತದೆ. ಮೊಟ್ಟೆಯಾಕಾರದ ಉಂಡೆಗಳಾಗಿ ಇದು ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೂ ಇದು ಕರಗುವುದಿಲ್ಲ. ಕೊಬ್ಬರಿ ಎಣ್ಣೆ ನೀರಾಗಿ ಹರಿದುಹೋಗುವ ಬೇಸಿಗೆಯಲ್ಲೂ ಇದು ಸೀಳಿನಲ್ಲಿ ಗಟ್ಟಿಯಾಗಿ ಕೂರುವುದು ಇದೇ ಕಾರಣಕ್ಕೆ.

ಪ್ರತಿ ರಾತ್ರಿ ಉಂಡೆ ಕರಗಿಸುವ ರಗಳೆ ಬೇಡವೆನ್ನುವವರು ಒಮ್ಮೆ ಮುಲಾಮು ಮಾಡಿಟ್ಟುಕೊಳ್ಳಬಹುದು. 100 ಗ್ರಾಂ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ, 20 ಗ್ರಾಂ ಮುರುಗಲು ತುಪ್ಪ, 20 ಗ್ರಾಂ ಜೇನುಮೇಣ ಬೇಕು. ಜೇನು ಸಾಕುವವರ ಬಳಿ ಸಿಗುವ ಹಳದಿ ಮೇಣವೇ ಆಗಬೇಕು, ದೀಪ ಹಚ್ಚುವ ಮೇಣದಬತ್ತಿ ಬೇಡ. ಮೂಸಿದರೆ ಜೇನಿನ ವಾಸನೆ ಬರುವುದೇ ಅದರ ಗುರುತು. ಅಗಲ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಅದರೊಳಗೆ ಸ್ಟೀಲಿನ ಬಟ್ಟಲಿರಿಸಿ, ಮೊದಲು ತುರಿದ ಮೇಣವನ್ನೂ ಎಣ್ಣೆಯನ್ನೂ ಹಾಕಬೇಕು. ಮೇಣ ಕರಗಲು 60 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಹಾಗೆಂದು ನೇರ ಉರಿಯ ಮೇಲೆ ಇಡಬಾರದು. ಅದು ಪೂರ್ತಿ ಕರಗಿದ ಮೇಲೆ ಮುರುಗಲು ತುಪ್ಪ ಸೇರಿಸಿ, ಒಲೆ ಆರಿಸಿ, ಒಣಗಿದ ಚಮಚದಿಂದ ಕಲಕಬೇಕು. ಹದ ತಿಳಿಯಲು ಬೆಲ್ಲದ ಪಾಕ ನೋಡುವಂತೆ ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು ನೋಡಬೇಕು. ಒಂದು ನಿಮಿಷದಲ್ಲಿ ಹೆಪ್ಪುಗಟ್ಟಿ, ಬೆರಳಿನಿಂದ ಒತ್ತಿದರೆ ಬೆಣ್ಣೆಯಂತೆ ಜಾರಿದರೆ ಹದ ಸರಿ. ತೀರಾ ತೆಳುವಾಗಿದ್ದರೆ ಇನ್ನೈದು ಗ್ರಾಂ ಮೇಣ, ಕಲ್ಲಿನಂತಿದ್ದರೆ ಎರಡು ಚಮಚ ಎಣ್ಣೆ ಸೇರಿಸಿ ಮತ್ತೆ ಕರಗಿಸಬಹುದು. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಮೇಣ ಸ್ವಲ್ಪ ಹೆಚ್ಚೇ ಇರಲಿ.

ಡಬ್ಬಿ ಪೂರ್ತಿ ಒಣಗಿರಬೇಕು. ಲೋಳೆಸರ, ಪನ್ನೀರು, ನಿಂಬೆರಸ ಯಾವುದನ್ನೂ ಇದಕ್ಕೆ ಬೆರೆಸಬಾರದು, ನೀರಿನಂಶ ಸೇರಿದರೆ ಬೂಷ್ಟು ಹಿಡಿಯುತ್ತದೆ. ನೀರಿಲ್ಲದಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಚಿಟಿಕೆ ಅರಿಶಿನ ಹಾಕುವವರು ಹಾಕಬಹುದು, ಹಾಸಿಗೆ ಬಟ್ಟೆಗೆ ಕಲೆಯಾಗುತ್ತದೆ ಎಂಬುದು ನೆನಪಿರಲಿ.

ಮೊದಲ ವಾರದಲ್ಲಿ ಉರಿ ಮತ್ತು ಒರಟುತನ ತಗ್ಗುತ್ತದೆ, ಆಳವಾದ ಸೀಳು ಕೂಡಲು ಮೂರು ನಾಲ್ಕು ವಾರವಾದರೂ ಬೇಕು. ಹಗಲಿನಲ್ಲಿ ಹಿಂಬದಿ ಮುಚ್ಚಿದ, ಮೆತ್ತನೆಯ ಅಟ್ಟೆಯ ಪಾದರಕ್ಷೆ ತೊಡದೆ ರಾತ್ರಿ ಮಾತ್ರ ಆರೈಕೆ ಮಾಡಿದರೆ, ರಾತ್ರಿ ಕೂಡಿದ್ದು ಹಗಲಲ್ಲಿ ಮತ್ತೆ ಸೀಳುತ್ತದೆ. ಅಡುಗೆಮನೆಯಲ್ಲೂ ಮೆತ್ತನೆಯ ಚಪ್ಪಲಿ ಬೇಕು.

ಮನೆಮದ್ದು ಸಾಲದಿರುವಾಗ

ಮೊಬೈಲಿನಲ್ಲಿ ಹರಿದಾಡುವ ಕೆಲವು ಉಪಾಯಗಳು ಕಳವಳ ಹುಟ್ಟಿಸುತ್ತವೆ. ಕಾದ ಮೇಣವನ್ನು ನೇರವಾಗಿ ಹಿಮ್ಮಡಿಗೆ ಸುರಿಯುವುದರಿಂದ ಸುಟ್ಟಗಾಯವಾಗುತ್ತದೆ. ಅಡುಗೆ ಸೋಡಾ ಚರ್ಮದ ಸಹಜ ಆಮ್ಲೀಯತೆಯನ್ನು ಕೆಡಿಸಿ ಇನ್ನಷ್ಟು ಒಣಗಿಸುತ್ತದೆ. ವಸ್ತುಗಳನ್ನು ಅಂಟಿಸುವ ಗೋಂದಿನಿಂದ ಸೀಳನ್ನು ಮುಚ್ಚಿದರೆ ಒಳಗಿನ ಕೊಳೆ ಒಳಗೇ ಉಳಿದು ಕೀವಾಗುತ್ತದೆ.

ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ದುಡಿಯುವವರಿಗೆ ಒಡಕು ನೋವಿನ ಮಾತಷ್ಟೇ ಅಲ್ಲ. ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನಲ್ಲಿ ಕಾಣಿಸಿಕೊಳ್ಳುವ ಇಲಿಜ್ವರದ ಬ್ಯಾಕ್ಟೀರಿಯಾ ಇಲಿ ಮೂತ್ರ ಸೇರಿದ ಕೆಸರುನೀರಿನಿಂದ ಇಂಥ ಸೀಳುಗಳ ಮೂಲಕವೇ ಮೈಯೊಳಗೆ ಹೋಗಬಲ್ಲದು. ನಾಟಿಗೆ ಇಳಿಯುವ ಮುನ್ನ ಬೂಟು ಹಾಕಬೇಕು. ಅದು ಆಗದಿದ್ದರೆ ಸೀಳಿಗೆ ನೀರು ತಾಗದ ಪಟ್ಟಿಯನ್ನಾದರೂ ಅಂಟಿಸಿ, ಮೇಲೆ ಬಂದ ಕೂಡಲೇ ಸೋಪಿನಿಂದ ತೊಳೆಯಬೇಕು. ಗದ್ದೆ ಕೆಲಸದ ನಂತರದ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಗದ್ದೆ ಕೆಲಸದ ವಿಷಯವನ್ನು ತಪ್ಪದೆ ಹೇಳಬೇಕು. ಧನುರ್ವಾಯು ಲಸಿಕೆ ಹಾಕಿಸಿಕೊಂಡು 10 ವರ್ಷವಾಗಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಬೇಕು.

ಅಂಗಾಲಿನ ತುಂಬ ಹಿಟ್ಟು ಉದುರಿದಂತೆ ಹೊಟ್ಟೇಳುತ್ತ ಬೆರಳ ಸಂದಿಯಲ್ಲಿ ತುರಿಕೆಯಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಅಂಗೈಯೂ ಒಡೆದು ಕೆಂಪು ಮಚ್ಚೆಗಳೆದ್ದಿದ್ದರೆ ಸೋರಿಯಾಸಿಸ್ ಇರಬಹುದು. ಮೈಯೆಲ್ಲ ಒಣಗಿ, ಸುಸ್ತು, ಮಲಬದ್ಧತೆ, ತೂಕ ಏರುವುದು ಜೊತೆಗೂಡಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇವುಗಳಿಗೆ ಮುರುಗಲು ತುಪ್ಪ ಉತ್ತರವಲ್ಲ.

ಸಕ್ಕರೆ ಕಾಯಿಲೆಯವರಿಗೆ ಮೇಲೆ ಹೇಳಿದ ಕ್ರಮದಲ್ಲಿ ನೆನೆಸುವುದೂ ಉಜ್ಜುವುದೂ ಅನ್ವಯಿಸುವುದಿಲ್ಲ. ನರಗಳು ಸೋತಾಗ ಪಾದ ಬೆವರುವುದು ನಿಂತು ಚರ್ಮ ಒಣಗುತ್ತದೆ, ಜೊತೆಗೆ ಸ್ಪರ್ಶವೂ ಮಂಕಾಗುವುದರಿಂದ ನೀರು ಸುಟ್ಟರೂ ಕಲ್ಲು ತಾಗಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಅವರು ಸ್ನಾನವಾದ ಕೂಡಲೇ ತೇವದ ಹಿಮ್ಮಡಿಗೆ ಜಿಡ್ಡು ಸವರಿಕೊಂಡರೆ ಸಾಕು. ದಡ್ಡು ತೆಗೆಯುವುದನ್ನು ವೈದ್ಯರಿಗೇ ಬಿಡಬೇಕು, ಸೀಳಿನ ಸುತ್ತ ಕೆಂಪು, ಬಿಸಿ, ಕೀವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವಯಸ್ಸಾದವರಿಗೆ ಬಗ್ಗಿ ತಮ್ಮ ಹಿಮ್ಮಡಿಯನ್ನು ನೋಡಿಕೊಳ್ಳಲು ಆಗುವುದಿಲ್ಲ, ನೋಯುತ್ತಿದೆ ಎಂದು ಹೇಳಿಕೊಳ್ಳುವ ಅಭ್ಯಾಸವೂ ಹಲವರಿಗಿಲ್ಲ. ಮನೆಯಲ್ಲಿ ಅಂಥವರಿದ್ದರೆ, ಅವರು ಸ್ನಾನ ಮುಗಿಸಿ ಬಂದಾಗ ಬೆಳಕಿರುವ ಕಡೆ ಕೂರಿಸಿ, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲನ್ನೂ ಬೆರಳ ಸಂದಿಗಳನ್ನೂ ನೋಡಿ, ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ, ಹಿಮ್ಮಡಿಗೆ ಮುಲಾಮು ಹಚ್ಚಿ, ಅದು ಹೀರಿಕೊಳ್ಳುವವರೆಗೆ ಅವರನ್ನು ಅಲ್ಲೇ ಕೂರಿಸಿಕೊಳ್ಳಬೇಕು.