ಮಿಲಿಟರಿ ಮನೆಗೆ ಸೊಸೆಯಾಗಿ ಬಂದವಳಿಗೆ

ನನ್ನ ಗಂಡ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಒಂದೇ ಮನೆಯಲ್ಲಿ ಇದ್ದ ದಿನಗಳನ್ನು ಲೆಕ್ಕ ಹಾಕಿದರೆ ಐದು ವರ್ಷ ಆಗಲಿಕ್ಕಿಲ್ಲ. ನಾನು ಬೈಲಹೊಂಗಲ ಕಡೆಯವಳು. ಈಗ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿಯ ಗಣೇಶಪುರದಲ್ಲಿ ಬಾಡಿಗೆಗೆ ಇದ್ದೇನೆ. ಈ ವರ್ಷ ನಮ್ಮಕ್ಕನ ಮಗಳನ್ನೂ ಮಿಲಿಟರಿ ಹುಡುಗನಿಗೇ ಕೊಟ್ಟರು. ಅವನು ರಜೆ ಮುಗಿಸಿ ಹೋದ ಮೂರನೇ ದಿನ ಹುಡುಗಿ ಫೋನ್ ಮಾಡಿ, "ಚಿಗವ್ವಾ, ನಾ ಈಗ ಏನ್ ಮಾಡ್ಲಿ?" ಅಂದಳು. ಅಳುತ್ತಿದ್ದಳು. ಅತ್ತು ಮುಗಿಸು, ಆಮೇಲೆ ಒಂದು ನೋಟ್‌ಬುಕ್ ತಗೋ ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಗಂಡನ ಸರ್ವಿಸ್ ನಂಬರ್ ಬರೆಯಿರಿ. ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದನ್ನೂ ಬಿಡಬೇಡಿ. ರ‍್ಯಾಂಕ್, ಯೂನಿಟ್, ಕಂಪನಿ, ಅವರ ಸರ್ವಿಸ್ ಕಾಗದಪತ್ರ ಇಡುವ ರೆಕಾರ್ಡ್ ಆಫೀಸು, ಕಂಪನಿಯ ಸುಬೇದಾರ್ ಸಾಹೇಬರ ಫೋನ್ ನಂಬರ್. ಮದುವೆಯಾಗಿ ಎರಡು ವರ್ಷವಾದರೂ ನನ್ನ ಗಂಡನ ಸರ್ವಿಸ್ ನಂಬರ್ ನನಗೆ ಬಾಯಿಗೆ ಬರುತ್ತಿರಲಿಲ್ಲ. ಮಗನಿಗೆ ಜ್ವರ ಏರಿ ಮಿಲಿಟರಿ ಆಸ್ಪತ್ರೆಗೆ ಓಡಿದಾಗ ಕೌಂಟರಿನಲ್ಲಿ ಕೇಳಿದ ಮೊದಲ ಮಾತೇ ಅದು. ಗಂಡನ ಹೆಸರು ಹೇಳಿದೆ, ಊರು ಹೇಳಿದೆ, ಅಪ್ಪನ ಹೆಸರೂ ಹೇಳಿದೆ. ನಂಬರ್ ಮಾತ್ರ ಗೊತ್ತಿಲ್ಲ! ಸುಬೇದಾರ್ ಸಾಹೇಬರ ನಂಬರ್ ಇರುವುದು ತೀರಾ ಕಷ್ಟದ ಹೊತ್ತಿಗೆ. ಒಂದು ರಾತ್ರಿ ಗಂಡ ಫೋನ್ ಎತ್ತಲಿಲ್ಲ ಅಂತ ಅದಕ್ಕೆ ಹಚ್ಚಬೇಡಿ.

ಆಮೇಲೆ ಪಾರ್ಟ್ ಟು ಆರ್ಡರ್, ಅಂದರೆ ಹೆಂಡತಿ ಮಕ್ಕಳ ಹೆಸರನ್ನು ಸೈನ್ಯದ ದಾಖಲೆಗೆ ಏರಿಸುವ ಆದೇಶ. ತಾಳಿ ಕಟ್ಟಿದ ಕೂಡಲೇ ಊರಿನ ಲೆಕ್ಕದಲ್ಲಿ ನೀವು ಹೆಂಡತಿ. ಸೈನ್ಯದ ಲೆಕ್ಕದಲ್ಲಿ ಈ ಆರ್ಡರ್ ಹೊರಬಿದ್ದ ಮೇಲೆ. ಡಿಪೆಂಡೆಂಟ್ ಕಾರ್ಡು, ಆಸ್ಪತ್ರೆ, ಕ್ವಾರ್ಟರ್ಸು, ದೇವರು ಹಾಗೆ ಮಾಡದಿರಲಿ, ನಾಳೆ ಅವರಿಗೆ ಏನಾದರೂ ಆದರೆ ಬರುವ ಫ್ಯಾಮಿಲಿ ಪೆನ್ಶನ್, ಎಲ್ಲಕ್ಕೂ ಬೇರು ಅದೇ. ಮಕ್ಕಳು ಹುಟ್ಟಿದಾಗಲೂ ಹೀಗೇ ಹೆಸರು ಏರಿಸಬೇಕು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ನೋಂದಣಿಯನ್ನು ಅದೇ ರಜೆಯಲ್ಲಿ ಮುಗಿಸಿ. ಇಬ್ಬರೂ ಕೂತ ಜಂಟಿ ಫೋಟೊ ಹತ್ತು ಹದಿನೈದು ಪ್ರತಿ ತೆಗೆಸಿಡಿ.

ಹೆಸರಿನ ಅಕ್ಷರ ನೋಡಿಕೊಳ್ಳಿ ಅಂತ ಮಾತ್ರ ಕೈ ಮುಗಿದು ಹೇಳುತ್ತೇನೆ. ನನಗೆ ಮನೆಯಲ್ಲಿ ಇಟ್ಟ ಹೆಸರು ಗಂಗವ್ವ. ಶಾಲೆಯಲ್ಲಿ ಮಾಸ್ತರರು ಗಂಗಾ ಅಂತ ಬರೆದರು. ಆಧಾರ್‌ನಲ್ಲಿ ಗಂಗಮ್ಮ ಆದೆ. ಮೂರು ಹೆಸರಿನ ಒಬ್ಬ ಹೆಂಡತಿಯನ್ನು ಯಾವ ಕಾಗದವೂ ಒಪ್ಪಲಿಲ್ಲ. ಅಫಿಡವಿಟ್ಟು, ತಿದ್ದುಪಡಿ ಅಂತ ಅಲೆದು ಅದೊಂದು ಸರಿಯಾಗಲು ಹತ್ತು ತಿಂಗಳು ಹಿಡಿಯಿತು. ಮರಾಠಾ ರೆಜಿಮೆಂಟಿನ ರೆಕಾರ್ಡ್ ಆಫೀಸು ಇಲ್ಲೇ ಬೆಳಗಾವಿಯಲ್ಲಿದೆ, ನನಗೆ ವಿಚಾರಿಸಲು ಆಟೊ ಹತ್ತಿದರೆ ಸಾಕಿತ್ತು. ಗಂಡ ಬೇರೆ ರೆಜಿಮೆಂಟಿನವರಾದರೆ ಅದು ಯಾವ ರಾಜ್ಯದಲ್ಲಿದೆಯೋ!

ದುಡ್ಡಿನ ಮಾತು. ಮದುವೆಗೆ ಮುಂಚೆ ಹುಡುಗರು ಗ್ರೂಪ್ ಇನ್ಶೂರೆನ್ಸು, ಪಿಎಫ್ ಎಲ್ಲದಕ್ಕೂ ಅವ್ವನ ಹೆಸರನ್ನೇ ನಾಮಿನಿಯಾಗಿ ಬರೆಸಿರುತ್ತಾರೆ. ಸರಿಯಾದದ್ದೇ. ಆದರೆ ಮದುವೆಯಾದ ಮೇಲೆ ಅದನ್ನು ಮತ್ತೆ ತೆಗೆದು ನೋಡಬೇಕು. ಹೊಸ ಸೊಸೆ ಇದನ್ನು ಬಾಯಿಬಿಟ್ಟು ಕೇಳಿದರೆ ಮನೆಯಲ್ಲಿ ಏನಾಗುತ್ತದೆ ಗೊತ್ತಲ್ವಾ? "ಬಂದು ಆರು ತಿಂಗಳಾಗಿಲ್ಲ, ನನ್ನ ಮಗನ ಸಾವಿನ ರೊಕ್ಕ ಎಣಸಾಕತ್ತಾಳ" ಅಂದಿದ್ದರು ನಮ್ಮತ್ತಿ. ನಾನು ಕೇಳಿದ ರೀತಿಯೇ ತಪ್ಪಾಗಿತ್ತು, ರೊಟ್ಟಿ ಬಡಿಯುತ್ತ ಕೂತವರ ಮುಂದೆ ಹೋಗಿ ಕೇಳಿದ್ದೆ. ಈ ಮಾತನ್ನು ಗಂಡನೇ ಎತ್ತಬೇಕು, ಅವ್ವ ಮತ್ತು ಹೆಂಡತಿ ಇಬ್ಬರೂ ಎದುರಿಗೆ ಇದ್ದಾಗ. ಪಾಲು ಹಾಕಿ ಇಬ್ಬರ ಹೆಸರೂ ಬರೆಸಲು ಬರುತ್ತದೆ, ನಾವು ಹಾಗೇ ಮಾಡಿದೆವು. ನಮ್ಮತ್ತಿಯವರಿಗೆ ಪ್ರತಿ ತಿಂಗಳು ಇಂತಿಷ್ಟು ಅಂತ ಗೊತ್ತು ಮಾಡಿ, ಪಗಾರ ಬಂದ ಮರುದಿನವೇ ಅವರ ಖಾತೆಗೆ ಹೋಗುವ ಹಾಗೆ ಮಾಡಿದೆವು. ಅಲ್ಲಿಂದ ನಮ್ಮಿಬ್ಬರ ನಡುವೆ ಜಗಳ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಬೇರೆ ಕಾರಣದ್ದು, ಬಿಡಿ.

ಫೋನಿನಲ್ಲಿ ಮಾತಾಡುವುದನ್ನೂ ಕಲಿಯಬೇಕಾಗುತ್ತದೆ. ಗಡಿಯಂಥ ಕಡೆ ಹಾಕುವ ಫೀಲ್ಡ್ ಪೋಸ್ಟಿಂಗ್‌ನಲ್ಲಿ ಸಿಗ್ನಲ್ ಯಾವಾಗ ಬರುತ್ತದೋ, ಯಾವಾಗ ಹೋಗುತ್ತದೋ ಗೊತ್ತಿಲ್ಲ. ಒಮ್ಮೆ, "ರೀ, ಬಾವಿ ಮೋಟರ್ ಸುಟ್ಟೈತಿ" ಅಂದೆ, ಲೈನ್ ಕಟ್ ಆಯಿತು. ಐದು ದಿನ ಸಿಗಲಿಲ್ಲ. ಇಲ್ಲಿ ಮೈದುನ ಮರುದಿನವೇ ಮೋಟರ್ ಕಟ್ಟಿಸಿಕೊಂಡು ಬಂದು ನೀರು ಬಿಟ್ಟಿದ್ದ. ಅಲ್ಲಿ ಇವರು ಐದು ದಿನವೂ ಒಣಗುತ್ತಿರುವ ಕಬ್ಬನ್ನೇ ಕಣ್ಣ ಮುಂದೆ ಇಟ್ಟುಕೊಂಡು ಕೂತಿದ್ದರು. ಅಂದಿನಿಂದ ನನ್ನ ರೂಢಿ ಹೀಗೆ: ಕೆಟ್ಟದ್ದು ರಿಪೇರಿಯಾದ ಮೇಲೆ ಹೇಳುತ್ತೇನೆ. ಅವರನ್ನು ಕೇಳಲೇಬೇಕಾದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, ಫೋನ್ ಬಂದ ಕೂಡಲೇ ಅದನ್ನೇ ಮೊದಲು ಕೇಳುತ್ತೇನೆ. ಕಾಯಿಲೆ ಕಸಾಲೆ ಮಾತ್ರ ಮುಚ್ಚಿಡುವುದಿಲ್ಲ. ಒಮ್ಮೆ ಮುಚ್ಚಿಟ್ಟಿದ್ದು ಗೊತ್ತಾದರೆ ಆಮೇಲೆ "ಎಲ್ಲಾ ಆರಾಮ" ಅಂದರೂ ಅವರು ನಂಬುವುದಿಲ್ಲ.

ಎಲ್ಲಿದ್ದಾರೆ ಅಂತ ಯಾರಿಗೂ ಹೇಳಬೇಡಿ, ಸ್ಟೇಟಸ್ಸಿಗೆ ಹಾಕಬೇಡಿ. ವಿಳಾಸದಲ್ಲಿ ಊರಿನ ಹೆಸರಿಲ್ಲದೆ ಬರೀ 56 ಎಪಿಒ ಅಥವಾ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಅಂತ ಯಾಕಿರುತ್ತದೆ ಹೇಳಿ? ಸೈನ್ಯ 2020ರಲ್ಲಿ ಯೋಧರ ಫೋನಿನಿಂದ 89 ಆ್ಯಪ್ ತೆಗೆಸಿತು, ಫೇಸ್‌ಬುಕ್ ಕೂಡ ಅದರಲ್ಲಿತ್ತು. ಗಂಡನ ಫೋನಿನಲ್ಲಿ ಇಲ್ಲದ ಫೋಟೊ ಹೆಂಡತಿಯ ಫೋನಿನಿಂದ ಊರೆಲ್ಲ ತಿರುಗಿದರೆ ಏನು ಬಂತು?

ಟಿವಿ ವಿಚಾರ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ನಮ್ಮ ಪಕ್ಕದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿ ಅಷ್ಟು ದಿನ ಕಳೆದೂ ಜೀವಂತ ಸಿಕ್ಕರು. 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ನನ್ನ ಗಂಡ ಕಾಶ್ಮೀರದಲ್ಲಿದ್ದರು. ಆ ವಾರ ಓಣಿಯವರೆಲ್ಲ ನಮ್ಮ ಮನೆಗೇ ಬಂದು ಟಿವಿ ಮುಂದೆ ಕೂತರು. ನನ್ನ ಮುಖ ಒಮ್ಮೆ, ಟಿವಿ ಒಮ್ಮೆ ನೋಡುವುದು. ಚಹಾ ಮಾಡಿ ಮಾಡಿ ಸಾಕಾಯಿತು. ನಾಲ್ಕನೇ ದಿನ ಮಾವ ಎದ್ದು ಕೇಬಲ್ ವೈರ್ ಕಿತ್ತು, "ನಿಮ್ ನಿಮ್ ಮನ್ಯಾಗ ನೋಡ್ಕೋರಿ" ಅಂದರು. ಅವರು ನನಗೆ ಮಾಡಿದ ಉಪಕಾರಗಳಲ್ಲಿ ಅದೇ ದೊಡ್ಡದು. ನಮಗೆ ತಿಳಿಸಬೇಕಾದ್ದನ್ನು ಯೂನಿಟ್ಟಿನವರೇ ತಿಳಿಸುತ್ತಾರೆ. ಗಡಿಯಲ್ಲಿ ಏನಾದರೂ ಆದ ದಿನ ನಾನು ಟಿವಿ ಹಚ್ಚುವುದಿಲ್ಲ, ಬ್ಲೌಸ್ ಹೊಲಿಯಲು ಕೂತುಬಿಡುತ್ತೇನೆ.

ಮಿಲಿಟರಿ ಕ್ಯಾಂಟೀನ್ ಅಂಗಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಬೂನು, ಎಣ್ಣೆ ಸ್ವಲ್ಪ ಸೋವಿ. ಆದರೆ ಸೋದರಮಾವಂದಿರು, ಷಡ್ಡಕರು "ಒಂದ್ ಮಿಲ್ಟ್ರಿ ಬಾಟ್ಲಿ ಕೊಡ್ಸವಾ" ಅಂತ ಬರುತ್ತಾರೆ. ಮೊದಲನೇ ಸಲವೇ ಇಲ್ಲ ಅನ್ನಿ. ಒಬ್ಬರಿಗೆ ಕೊಟ್ಟರೆ ಜಾತ್ರೆಯೇ ಬರುತ್ತದೆ. ಗಂಡನಿಗೆ ತಿಂಡಿ ಕಟ್ಟುವಾಗ ಕುಂದಾ ಕಟ್ಟಬೇಡಿ. ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೇ ಎರಡು ರಾತ್ರಿ, ಅಲ್ಲಿಂದ ಮುಂದೆ ಬೇರೆ. ಕುಂದಾ ತಡೆಯುವುದಿಲ್ಲ. ಕರದಂಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಡೆಯುತ್ತವೆ. ನಾಲ್ಕು ಜನರಿಗೆ ಆಗುವಷ್ಟು ಕಟ್ಟಿ. ಬ್ಯಾರಕ್ಕಿನಲ್ಲಿ ಒಬ್ಬನೇ ತಿನ್ನಲಿಕ್ಕೆ ಯಾರು ಬಿಡುತ್ತಾರೆ?

ಹೆಂಡತಿ ಮಕ್ಕಳನ್ನು ಕರೆದುಕೊಂಡು ಇರಬಹುದಾದ ಪೀಸ್ ಪೋಸ್ಟಿಂಗ್ ಬಂದು ಕ್ವಾರ್ಟರ್ಸ್ ಸಿಕ್ಕರೆ ಹೋಗಿ. ಹಿಂದಿ ಬರುವುದಿಲ್ಲ ಅಂತ ಹೆದರಬೇಡಿ. ನಾನು ಅಂಬಾಲಾಕ್ಕೆ ಹೋದಾಗ ನನಗೆ ಬರುತ್ತಿದ್ದ ಹಿಂದಿ "ಕಿತನಾ" ಒಂದೇ. ಪಕ್ಕದ ಪಂಜಾಬಿ ಭಾಭಿಗೆ ಜೋಳದ ರೊಟ್ಟಿ ಕಲಿಸುತ್ತ ನಾನು ಹಿಂದಿ ಕಲಿತೆ. ಅವರ ರೊಟ್ಟಿ ಕೊನೆಯವರೆಗೂ ಹರಿಯುತ್ತಿತ್ತು. ಮಕ್ಕಳನ್ನು ಕೇಂದ್ರೀಯ ವಿದ್ಯಾಲಯಕ್ಕೆ ಹಾಕಿದರೆ ವರ್ಗವಾದಾಗ ಪುಸ್ತಕ ಬದಲಾಗುವುದಿಲ್ಲ. ಆದರೆ ರಾತ್ರಿ ಅರ್ಧ ತಾಸು ಕನ್ನಡ ಬರೆಸಿ. ನನ್ನ ಮಗಳು ಊರಿಗೆ ಬಂದಾಗ ಬಸ್ಸಿನ ಬೋರ್ಡ್ ಓದಲು ಬಾರದೆ ನಿಂತಿದ್ದಳು.

ಇನ್ನು ರಜೆ. ಗಂಡ ಹೋದ ಮೇಲೆ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಬಂದಾಗಲೇ ಜಾಸ್ತಿ ಕಷ್ಟವಾಗಿದೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಜುವಲ್. ಒಟ್ಟಿಗೆ ಸಿಗುವುದಿಲ್ಲ, ತುಂಡು ತುಂಡಾಗಿ ಬರುತ್ತಾರೆ. ಬಂದವರು ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಮಕ್ಕಳನ್ನೂ ಏಳಿಸುತ್ತಾರೆ. ಕೌದಿಯನ್ನು ಚೌಕ ಮಡಿಸಿ ಇಡುತ್ತಾರೆ. ಡಬ್ಬಿ ಎಲ್ಲ ಉದ್ದದ ಪ್ರಕಾರ ಜೋಡಿಸುತ್ತಾರೆ, ಆಮೇಲೆ ನನಗೆ ಸಾಸಿವೆ ಸಿಗುವುದಿಲ್ಲ. ಮಗ ಅಪ್ಪ ಎದುರಿಗೆ ಕೂತಿದ್ದರೂ "ಅವ್ವಾ, ಆಡಾಕ ಹೋಗ್ಲಿ?" ಅಂತ ನನ್ನನ್ನೇ ಕೇಳುತ್ತಾನೆ. ಆಗ ಇವರ ಮುಖ ನೋಡಬೇಕು. ಸಿಟ್ಟು ಬರುವುದೂ ಸಹಜ, ಪಾಪ ಅನ್ನಿಸುವುದೂ ಸಹಜ.

ನಾನು ಕಂಡುಕೊಂಡ ದಾರಿ, ಒಂದು ಕೆಲಸವನ್ನು ಪೂರ್ತಿ ಅವರಿಗೆ ಬಿಟ್ಟುಬಿಡುವುದು. ನಮ್ಮಲ್ಲಿ ಅದು ಶಾಲೆ. ಬಿಡುವುದು, ಕರೆತರುವುದು, ಟಿಫಿನ್, ಟೀಚರ್ ಹತ್ತಿರ ಮಾತು, ಎಲ್ಲ ಅವರದೇ. ಟಿಫಿನ್ನಿಗೆ ಬಿಸ್ಕಿಟ್ ಕಳಿಸಿದರೂ ನಾನು ಸುಮ್ನೆ ಇರುತ್ತೇನೆ. ಮೊದಲ ಎರಡು ರಾತ್ರಿ ಹಳ್ಳಿಯಲ್ಲಿ ಅತ್ತಿಯ ಹತ್ತಿರ, ಆಮೇಲೆ ಇಲ್ಲಿ. ಮೊದಲ ವಾರ ಮದುವೆ ಮುಂಜಿವೆಗೆ ಹೋಗುವುದಿಲ್ಲ. ಸವದತ್ತಿ ಎಲ್ಲಮ್ಮನಿಗೆ ಮಾತ್ರ ಹೋಗಿ ಬರುತ್ತೇವೆ.

ಹೊರಡಲು ಮೂರು ದಿನ ಇರುವಾಗ ನಮಗೆ ಜಗಳ ಆಗೇ ಆಗುತ್ತದೆ. ಒಮ್ಮೆ ಸಾರಿಗೆ ಉಪ್ಪು, ಒಮ್ಮೆ ಕೊಡೆ ಎಲ್ಲಿಟ್ಟೆ ಅಂತ. ಎಷ್ಟೋ ವರ್ಷ ಅದು ಉಪ್ಪಿನ ಜಗಳ ಅಂತಲೇ ತಿಳಿದಿದ್ದೆ. ಈಗ ಕ್ಯಾಲೆಂಡರ್ ನೋಡಿ "ಜಗಳದ ದಿನ ಬಂತ್ರೀ" ಅನ್ನುತ್ತೇನೆ, ಇಬ್ಬರೂ ನಗುತ್ತೇವೆ. ಆದರೂ ಸಂಜೆ ಹೊತ್ತಿಗೆ ಜಗಳ ಆಗಿರುತ್ತದೆ.

ಕೊನೆಯ ದಿನಗಳನ್ನು ಬರೀ ಊಟ ತಿಂಡಿಗೆ ಕಳೆಯಬೇಡಿ. ಸಹಿ ಬೇಕಾದ ಕಡೆಯೆಲ್ಲ ಸಹಿ ಹಾಕಿಸಿ. ಬ್ಯಾಂಕು, ಶಾಲೆಯ ಅರ್ಜಿ, ಹೊಲದ ಕಾಗದ, ಬಾಡಿಗೆ ಕರಾರು. ಅವರ ಹೆಬ್ಬೆಟ್ಟು ಬೇಕಾದ ಕೆಲಸ ಏನಿದೆ ಅಂತ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ವರ್ಷವಿಡೀ ಬರೆಯುತ್ತ ಹೋಗಿ. ಹದಿನಾಲ್ಕು ವರ್ಷ ಸಂಸಾರ ಮಾಡಿದ ನಾನೇ ಹೋದ ಸಲ ಗ್ಯಾಸ್ ಮರೆತೆ. ಕನೆಕ್ಷನ್ ಇವರ ಹೆಸರಿನಲ್ಲಿದೆ, ಇಕೆವೈಸಿಗೆ ಇವರೇ ಬೇಕಂತೆ. ಮಾರ್ಚಿಗೆ ಬರುತ್ತೇನೆ ಅಂದಿದ್ದಾರೆ. ಸ್ಟೇಷನ್ನಿನಿಂದ ಸೀದಾ ಗ್ಯಾಸ್ ಏಜೆನ್ಸಿಗೆ, ಆಮೇಲೆ ಅತ್ತಿ ಮನೆಗೆ.